‘ಬಿಲ್ಲಿ ಜೀನ್’ ಬಿಚ್ಚಿ ಕಟ್ಟಿದ ಕಥೆ

ಅಮೆರಿಕದ ಸಂಗೀತ ನಿರ್ಮಾಪಕ ಕ್ವಿನ್ಸಿ ಜೋನ್ಸ್ 2024ರ ನವೆಂಬರ್ 3ರಂದು ತೀರಿಕೊಂಡರು. 91 ವರ್ಷವಾಗಿತ್ತು. ನಮ್ಮ ಹಳೆಯ ಆರ್ಕೆಸ್ಟ್ರಾ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹಾಕಿದವರೆಲ್ಲ ಜೊತೆಗೆ ಹಾಕಿದ್ದು ಮೈಕಲ್ ಜಾಕ್ಸನ್ ಫೋಟೋ. ಕ್ವಿನ್ಸಿ ನೋಡಲು ಹೇಗಿದ್ದರು ಅಂತ ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ. ‘ಆಫ್ ದ ವಾಲ್’, ‘ಥ್ರಿಲ್ಲರ್’, ‘ಬ್ಯಾಡ್’, ಮೈಕಲ್‌ನ ಈ ಮೂರೂ ಆಲ್ಬಮ್ಮಿಗೆ ಹಾಡು ಆರಿಸಿ, ವಾದ್ಯದವರನ್ನು ಕರೆಸಿ, ಕೂತು ರೆಕಾರ್ಡ್ ಮಾಡಿಸಿದವರು ಅವರೇ.

ಅದೇ ವಾರ ನನ್ನ ಸ್ಟುಡಿಯೊಗೆ ಒಬ್ಬ ಹುಡುಗ ಬಂದ. ಸ್ಟುಡಿಯೊ ಅಂದರೆ ದೊಡ್ಡದೇನಲ್ಲ. ಮೈಸೂರಿನಲ್ಲಿ ಮನೆಯ ಮೇಲಿನ ಒಂದು ಕೋಣೆ, ಅದರ ಪಕ್ಕ ಒಂದು ಗೂಡು. ಭಾವಗೀತೆ, ದೇವರ ಹಾಡು, ಕಿರುಚಿತ್ರದ ಡಬ್ಬಿಂಗ್, ಚುನಾವಣೆ ಬಂದರೆ ಆಟೋದಲ್ಲಿ ಕೂಗುವ ಜಾಹೀರಾತು. ಹುಡುಗನಿಗೆ ಕಾಲೇಜಿನ ಹಬ್ಬದಲ್ಲಿ ‘ಥ್ರಿಲ್ಲರ್’ನ ‘ಬಿಲ್ಲಿ ಜೀನ್’ ಹಾಡಬೇಕಿತ್ತು. ಕರೋಕೆ ಟ್ರ್ಯಾಕ್ ಸಿಗುತ್ತಲ್ಲ, ಅದಕ್ಕೇ ಹಾಡಪ್ಪ ಅಂದೆ. ಕೇಳಿಸಿದ. ಡ್ರಮ್ಸ್ ಸೊಳ್ಳೆ ಕೂಗಿದ ಹಾಗಿತ್ತು. "ಅಣ್ಣಾ, ನಾವೇ ನುಡಿಸಿ ಮಾಡೋಣ, ನಿಮ್ಮ ಹತ್ತಿರ ಡ್ರಮ್ಸ್ ಇದೆ ಅಲ್ವಾ" ಅಂದ. ನಾನು ಒಪ್ಪಿಕೊಂಡದ್ದಕ್ಕೆ ಅವನ ಹಾಡುಗಾರಿಕೆ ಅಷ್ಟೇನೂ ಕಾರಣವಲ್ಲ. ಆ ಹಾಡು ಮಾಡಿದವರು ಅದನ್ನು ಹೇಗೆ ಮಾಡಿದರು ಅಂತ ನೋಡುವ ಆಸೆ ನನಗೇ ಇತ್ತು.

ನಮ್ಮ ಕಡೆ ಮೈಕಲ್ ಜಾಕ್ಸನ್ ಅಂದರೆ ಡ್ಯಾನ್ಸ್. ನಾನು ಕೀಬೋರ್ಡ್ ನುಡಿಸುತ್ತಿದ್ದ ಕಾಲದಲ್ಲಿ ಪ್ರತಿ ಗಣೇಶನ ಪೆಂಡಾಲಿನಲ್ಲೂ ಒಬ್ಬ ‘ಜೂನಿಯರ್ ಮೈಕಲ್’ ಇರುತ್ತಿದ್ದ. ಕಪ್ಪು ಟೋಪಿ, ಬಿಳಿ ಸಾಕ್ಸ್, ಒಂದೇ ಕೈಗೆ ಗ್ಲೌಸ್. ಮೈಸೂರಿನವರಿಗಂತೂ ಪ್ರಭುದೇವ ನಮ್ಮವನೇ. ಮೂಗೂರು ಸುಂದರ್ ಮಗ, ಇಂಡಿಯಾದ ಮೈಕಲ್ ಜಾಕ್ಸನ್ ಅಂತ ಎದೆಯುಬ್ಬಿಸಿ ಹೇಳುತ್ತಿದ್ದೆವು. ಮೈಕಲ್ ಮುಂಬೈಗೆ ಬಂದು ಅಂಧೇರಿ ಕ್ರೀಡಾಂಗಣದಲ್ಲಿ ಕಾರ್ಯಕ್ರಮ ಕೊಟ್ಟದ್ದು 1996ರ ನವೆಂಬರ್ 1ರಂದು. ರಾಜ್ಯೋತ್ಸವದ ದಿನ ಆರ್ಕೆಸ್ಟ್ರಾದವರಿಗೆ ಮುಂಬೈ ಹೋಗಲಿ, ಮನೆಗೆ ಹೋಗಲೂ ಪುರಸೊತ್ತು ಇರುವುದಿಲ್ಲ. ಒಟ್ಟಿನಲ್ಲಿ ನಾವು ಅವನನ್ನು ನೋಡಿದ್ದೇ ಜಾಸ್ತಿ, ಕಿವಿಗೊಟ್ಟು ಕೇಳಿದ್ದು ಕಡಿಮೆ. ಹಾಡನ್ನು ಒಂದೊಂದೇ ತುಂಡಾಗಿ ಕಟ್ಟಲು ಕೂತಾಗ ಇದು ಅರ್ಥವಾಯಿತು. ಪ್ರತಿ ತುಂಡಿನ ಹಿಂದೆಯೂ ಒಬ್ಬರು ಸಿಗುತ್ತಾ ಹೋದರು, ಮೈಕಲ್ ಬಗ್ಗೆ ಏನೋ ಒಂದು ಹೇಳುತ್ತಾ ಹೋದರು.

ಮೊದಲು ಡ್ರಮ್ಸ್.

ಥ್ರಿಲ್ಲರ್ ರೆಕಾರ್ಡ್ ಆದದ್ದು 1982ರಲ್ಲಿ, ಲಾಸ್ ಏಂಜಲೀಸ್‌ನ ವೆಸ್ಟ್‌ಲೇಕ್ ಸ್ಟುಡಿಯೊದಲ್ಲಿ. ರೆಕಾರ್ಡಿಂಗ್ ಇಂಜಿನಿಯರ್ ಬ್ರೂಸ್ ಸ್ವಿಡೀನ್. ಮಿನ್ನಿಯಾಪೊಲಿಸ್‌ನವರು. ಅದಕ್ಕೂ ಮೊದಲು ಶಿಕಾಗೊದಲ್ಲಿ ಜಾಝ್ ಸಂಗೀತದ ಕೌಂಟ್ ಬೇಸಿ, ಡ್ಯೂಕ್ ಎಲಿಂಗ್ಟನ್ ಅಂಥವರನ್ನು ರೆಕಾರ್ಡ್ ಮಾಡಿದ್ದವರು. ದೊಡ್ಡ ಮೀಸೆ, ದೊಡ್ಡ ದೇಹ, ಮಾತು ಮೆಲ್ಲಗೆ. ಅವರ ಸಂದರ್ಶನಗಳು, ಪಾಠಗಳು ಬೇಕಾದಷ್ಟು ಸಿಗುತ್ತವೆ. ನನ್ನಂಥವನಿಗೆ ಅವರೇ ದೊಡ್ಡ ಮೇಷ್ಟ್ರು. ಯಾವುದನ್ನೂ ಬಚ್ಚಿಡುವುದಿಲ್ಲ, ಮೈಕ್ ಎಲ್ಲಿಟ್ಟೆ, ಯಾಕಿಟ್ಟೆ ಎಲ್ಲ ಹೇಳುತ್ತಾರೆ.

ಈ ಹಾಡಿಗೆ ಬೇರೆ ಯಾವ ಹಾಡಿಗೂ ಇಲ್ಲದ ಒಂದು ಗುರುತು ಬೇಕು ಅಂತ ಕ್ವಿನ್ಸಿ ಕೇಳಿದ್ದರಂತೆ. ಡ್ರಮ್ಸ್ ಶುರುವಾದ ಕೂಡಲೇ, ಯಾರೂ ಹಾಡುವ ಮೊದಲೇ, ಇದು ಇಂಥ ಹಾಡು ಅಂತ ಗೊತ್ತಾಗಬೇಕು. ಸ್ವಿಡೀನ್ ಅದಕ್ಕಾಗಿ ಪ್ಲೈವುಡ್ ವೇದಿಕೆ ಮಾಡಿಸಿ ಡ್ರಮ್ ಸೆಟ್ಟನ್ನು ಅದರ ಮೇಲೆ ಕೂರಿಸಿದರು. ಕಾಲಲ್ಲಿ ಒತ್ತಿ ನುಡಿಸುವ ಕಿಕ್ ಡ್ರಮ್ಮಿಗೆ ಜಿಪ್ ಇರುವ ಗವಸು ಹೊಲಿಸಿ, ಅದರ ತೂತಿನೊಳಗೆ ಮೈಕ್ ಇಟ್ಟರು. ಸ್ನೇರ್ ಎಂಬ ಸಣ್ಣ ಡ್ರಮ್ಮಿಗೂ ಹೈ-ಹ್ಯಾಟ್ ಎಂಬ ಜೋಡಿ ತಾಳಕ್ಕೂ ನಡುವೆ ಒಂದು ಮರದ ಹಲಗೆ ನಿಲ್ಲಿಸಿದರು. ಒಂದರ ಸದ್ದು ಇನ್ನೊಂದರ ಮೈಕಿಗೆ ನುಗ್ಗಬಾರದು ಅಂತ. ಇಷ್ಟೂ ಯಾಕೆ? ಆ ಹಾಡಿನಲ್ಲಿ ಡ್ರಮ್ಸ್ ಮಾಡುವುದು ಮೂರೇ ಕೆಲಸ. ಮೂರೇ ಇರುವಾಗ ಮೂರೂ ಬೇರೆ ಬೇರೆಯಾಗಿ, ಸ್ವಚ್ಛವಾಗಿ ಕೇಳಬೇಕಲ್ಲ.

ನಮ್ಮದು ಬಡವರ ಮನೆಯ ಪ್ರಯೋಗ. ಬಡಗಿಯ ಹತ್ತಿರ ಹಳೆ ಪ್ಲೈವುಡ್ ತಂದು ಕೆಳಗೆ ಇಟ್ಟಿಗೆ ಕೊಟ್ಟೆವು. ಕಿಕ್ ಡ್ರಮ್ಮಿಗೆ ಕಂಬಳಿ, ಅದರ ಮೇಲೆ ಜಮಖಾನೆ. ಹಲಗೆಗೆ ನನ್ನ ಮಗಳು ಪರೀಕ್ಷೆಗೆ ಒಯ್ಯುತ್ತಿದ್ದ ರೈಟಿಂಗ್ ಪ್ಯಾಡ್ ಕಟ್ಟಿದೆವು. ಸುಮ್ನೆ ಹೇಳುತ್ತಿಲ್ಲ, ಆ ಪ್ಯಾಡಿನಿಂದ ನಿಜವಾಗಿಯೂ ವ್ಯತ್ಯಾಸ ಆಯಿತು. ಸ್ನೇರ್ ಮೈಕಿನಲ್ಲಿ ಹೈ-ಹ್ಯಾಟಿನ ಚಿಸ್ ಚಿಸ್ ಅರ್ಧಕ್ಕರ್ಧ ಇಳಿಯಿತು.

ತೊಂದರೆ ಬಂದದ್ದು ಡ್ರಮ್ಮರ್ ಕಡೆಯಿಂದ. ಅವನು ನನ್ನ ಆರ್ಕೆಸ್ಟ್ರಾ ಕಾಲದ ಗೆಳೆಯ. ಸ್ಟೇಜಿನಲ್ಲಿ ಎಂಟು ಮಾತ್ರೆಗೊಮ್ಮೆ ರೋಲ್ (ಸರಸರನೆ ಉರುಳಿಸುವ ಪೆಟ್ಟುಗಳು) ಹೊಡೆಯದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ಈ ಹಾಡಿನಲ್ಲಿ ರೋಲೇ ಇಲ್ಲ. ನಿಮಿಷಕ್ಕೆ 117 ಬಡಿತ, ಕಿಕ್, ಸ್ನೇರ್, ಕಿಕ್, ಸ್ನೇರ್, ಮೇಲೆ ಹೈ-ಹ್ಯಾಟ್. ಐದು ನಿಮಿಷಕ್ಕೆ ಸ್ವಲ್ಪ ಕಡಿಮೆ, ಅಷ್ಟೂ ಹೊತ್ತು ಅದೇ. "ಗುರೂ, ಇದರಲ್ಲಿ ನನಗೇನು ಕೆಲಸ? ಮೆಷಿನ್ ಹಾಕ್ಕೋ" ಅಂದ.

ಆಗ ಅವನಿಗೆ ಲಿಯಾನ್ ಚಾನ್ಸ್ಲರ್ ಯಾರು ಅಂತ ಹೇಳಿದೆ. ಸಂಗೀತದವರೆಲ್ಲ ಎನ್‌ಡೂಗು ಅಂತ ಕರೆಯುತ್ತಿದ್ದರು. ಹತ್ತೊಂಬತ್ತರ ವಯಸ್ಸಿಗೇ ಜಾಝ್ ತುತ್ತೂರಿಗಾರ ಮೈಲ್ಸ್ ಡೇವಿಸ್ ಜೊತೆ ಯೂರೋಪ್ ಸುತ್ತಿದವರು. ವೆದರ್ ರಿಪೋರ್ಟ್ ಎಂಬ ಜಾಝ್ ತಂಡದ ಜೊತೆ ನುಡಿಸಿದವರು, ಸಾಂಟಾನಾ ಜೊತೆ ನುಡಿಸಿದವರು. ಕೊನೆಗೆ ವಿಶ್ವವಿದ್ಯಾಲಯದಲ್ಲಿ ಡ್ರಮ್ಸ್ ಕಲಿಸುತ್ತಿದ್ದರು, 2018ರಲ್ಲಿ ತೀರಿಕೊಂಡರು. ಏನು ಬೇಕಾದರೂ ನುಡಿಸಬಲ್ಲವರು ‘ಬಿಲ್ಲಿ ಜೀನ್’ನಲ್ಲಿ ನುಡಿಸಿದ್ದು ಇಷ್ಟೇ. ನಮ್ಮ ಡ್ರಮ್ಮರ್ ವೆದರ್ ರಿಪೋರ್ಟಿನ ಒಂದು ಟ್ರ್ಯಾಕ್ ಪೂರ್ತಿ ಕೇಳಿದ. ಆಮೇಲೆ ತುಟಿಪಿಟಿಕ್ಕೆನ್ನದೆ ಹೋಗಿ ಕೂತ. ಆದರೂ ಮೂರನೇ ನಿಮಿಷಕ್ಕೆ ಕೈ ಬಿಗಿಯಾಗಿ ಸ್ನೇರ್ ಸ್ವಲ್ಪ ಮುಂದೆ ಮುಂದೆ ಬೀಳುತ್ತಿತ್ತು. ಒಂದೇ ಬಡಿತವನ್ನು ಅಷ್ಟು ಹೊತ್ತು ಅದೇ ಜೋರಿನಲ್ಲಿ, ಅದೇ ಜಾಗದಲ್ಲಿ ಇಡುವುದು ಎಷ್ಟು ಕಷ್ಟ ಅಂತ ನುಡಿಸಿದವರಿಗೇ ಗೊತ್ತು. ಕೊನೆಗೆ ಬಂದ ಟೇಕ್ ಚೆನ್ನಾಗಿತ್ತು. ಎನ್‌ಡೂಗು ಮಟ್ಟಕ್ಕಲ್ಲ, ನಮ್ಮ ಮಟ್ಟಕ್ಕೆ.

ಬಾಸ್ ಗಿಟಾರಿನದು ಇನ್ನೊಂದು ಬಗೆ. ನುಡಿಸಿದವರು ಲೂಯಿಸ್ ಜಾನ್ಸನ್. ಬ್ರದರ್ಸ್ ಜಾನ್ಸನ್ ತಂಡದವರು. ಹೆಬ್ಬೆರಳಿನಲ್ಲಿ ತಂತಿಗೆ ಹೊಡೆದು ನುಡಿಸುವುದರಲ್ಲಿ ಎಷ್ಟು ಹೆಸರುವಾಸಿ ಅಂದರೆ ಜನ ಅವರಿಗೆ ‘ಗುಡುಗಿನ ಹೆಬ್ಬೆರಳು’ ಅಂತಲೇ ಹೆಸರಿಟ್ಟಿದ್ದರು. ಈ ಹಾಡಿನಲ್ಲಿ ಆ ಹೆಬ್ಬೆರಳಿಗೂ ರಜೆ. ಎಂಟು ಸ್ವರದ ಒಂದು ಸುತ್ತು, ಅದೇ ಮತ್ತೆ ಮತ್ತೆ. ಜಾನ್ಸನ್‌ರಿಂದ ಮೈಕಲ್ ಒಂದೊಂದೇ ಬಾಸ್ ಗಿಟಾರು ತೆಗೆಸಿ ನುಡಿಸಿ ಕೇಳಿದ. ಕೊನೆಗೆ ಒಂದು ಯಮಹಾ ಸಾಕು ಅಂದ. ಅದನ್ನೇ ಒಂದಕ್ಕಿಂತ ಹೆಚ್ಚು ಸಲ ನುಡಿಸಿ ಒಂದರ ಮೇಲೊಂದು ಹಾಕಿದರು. ಕೆಳಗೆ ಗ್ರೆಗ್ ಫಿಲಿಂಗೇನ್ಸ್ ಸಿಂಥ್‌ನಲ್ಲಿ (ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ) ಅದೇ ಸುತ್ತು ನುಡಿಸಿದರು.

ಇಲ್ಲಿ ನಿಂತು ಯೋಚಿಸಿದೆ. ಹಾಡುವವನು ಬಾಸ್ ಗಿಟಾರ್ ಆರಿಸುವುದು ನಮ್ಮಲ್ಲಿ ಎಲ್ಲಿದೆ? ಎಷ್ಟೋ ಗಾಯಕರು ಟ್ರ್ಯಾಕ್ ಸಿದ್ಧವಾದ ಮೇಲೆ ಬಂದು, ಹಾಡಿ, ಇನ್ನೊಂದು ಸ್ಟುಡಿಯೊಗೆ ಓಡುತ್ತಾರೆ. ಮೈಕಲ್‌ಗೆ ಬಾಸ್ ಹೇಗಿರಬೇಕು ಅನ್ನುವುದು ಸ್ಟುಡಿಯೊಗೆ ಬರುವ ಮೊದಲೇ ಗೊತ್ತಿತ್ತು. ಅದಕ್ಕೆ ಸಾಕ್ಷಿ ಇದೆ. 1981ರಲ್ಲಿ ಅವನು ಮನೆಯಲ್ಲಿ ಮಾಡಿಕೊಂಡ ಡೆಮೊ (ಮಾದರಿಗಾಗಿ ಮಾಡಿದ ರೆಕಾರ್ಡಿಂಗ್), 2001ರಲ್ಲಿ ಥ್ರಿಲ್ಲರ್ ಮತ್ತೆ ಬಿಡುಗಡೆಯಾದಾಗ ಅದರ ಜೊತೆ ಬಂತು. ಸಾಹಿತ್ಯ ಇನ್ನೂ ಆಗಿಲ್ಲ, ಅಲ್ಲಲ್ಲಿ ಬಾಯಿಗೆ ಬಂದದ್ದು ಹಾಡುತ್ತಾನೆ. ಆದರೆ ಆ ಎಂಟು ಸ್ವರದ ಸುತ್ತು ಇದೆ, ಡ್ರಮ್ಸಿನ ನಡೆಯೂ ಇದೆ. ನಾನು ಅದನ್ನು ಹುಡುಗನಿಗೆ ಹೆಡ್‌ಫೋನಿನಲ್ಲಿ ಕೇಳಿಸಿದೆ. "ಇದು ಆಗಲೇ ಹಾಡಾಗಿದೆಯಲ್ಲಣ್ಣ" ಅಂದ.

ಮೈಕಲ್ ಯಾವ ವಾದ್ಯವನ್ನೂ ಹೇಳಿಕೊಳ್ಳುವ ಹಾಗೆ ನುಡಿಸುತ್ತಿರಲಿಲ್ಲ. ಹಾಗಾದರೆ ಬೇರೆಯವರಿಗೆ ಹೇಗೆ ಹೇಳುತ್ತಿದ್ದ? ಬಾಯಲ್ಲೇ. ‘ಹಿಸ್ಟರಿ’ ಆಲ್ಬಮ್ಮಿನಲ್ಲಿ ಸಹಾಯಕ ಇಂಜಿನಿಯರ್ ಆಗಿದ್ದ ರಾಬ್ ಹಾಫ್‌ಮನ್ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಒಂದು ಬೆಳಗ್ಗೆ ಮೈಕಲ್ ಹೊಸ ಹಾಡಿನೊಂದಿಗೆ ಬಂದ. ಗಿಟಾರ್‌ನವರನ್ನು ಕರೆಸಿದರು. ಪ್ರತಿ ಕಾರ್ಡಿನ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ, ಪ್ರತಿ ಸ್ವರವನ್ನೂ ಬೇರೆ ಬೇರೆಯಾಗಿ ಹಾಡಿ ತೋರಿಸಿದ. ಮೊದಲ ಕಾರ್ಡು, ಅದರ ಮೊದಲ ಸ್ವರ ಇದು, ಎರಡನೆಯದು ಇದು, ಮೂರನೆಯದು ಇದು, ಈಗ ಎರಡನೇ ಕಾರ್ಡು, ಹೀಗೆ. ಇನ್ನೊಂದು ಸಲ ತಂತಿವಾದ್ಯಗಳ ಇಡೀ ಜೋಡಣೆಯನ್ನು ಒಂದೊಂದು ಎಳೆಯಾಗಿ ಹಾಡಿದನಂತೆ. ಎಲ್ಲವೂ ತಲೆಯಲ್ಲಿತ್ತು, ಎಲ್ಲಿ ನಿಲ್ಲಬೇಕು ಎನ್ನುವುದೂ ಸೇರಿ.

ನಮ್ಮ ನಾದಸ್ವರದವರು, ತಬಲಾದವರು ಬಾಯಲ್ಲಿ ಹೇಳಿಕೊಟ್ಟೇ ಕಲಿಸುತ್ತಾರೆ, ಹಾಗಾಗಿ ಇದು ನನಗೆ ವಿಚಿತ್ರ ಅನ್ನಿಸಲಿಲ್ಲ. ಆದರೆ ಅವನ ಸುತ್ತ ಇದ್ದವರೆಲ್ಲ ಸ್ವರಲಿಪಿ ಅರೆದು ಕುಡಿದವರು. ಅಂಥವರ ನಡುವೆ, ಬರೆಯಲು ಬಾರದೆ, ಬಾಯಿಂದಲೇ ಅಷ್ಟನ್ನೂ ಕೆಲಸಕ್ಕೆ ತರುವುದಕ್ಕೆ ಧೈರ್ಯ ಬೇಕು. ಎದುರಿನವರು ನಗುತ್ತಾರೆ ಅನ್ನುವ ಭಯ ಇರುವವನಿಂದ ಆಗುವ ಮಾತಲ್ಲ.

ಹಾಡಿನ ಆರಂಭದ ಬಗ್ಗೆ ನಮ್ಮಲ್ಲೂ ಒಂದು ಜಗಳ ಆಯಿತು. ದನಿ ಬರುವ ಮೊದಲು ಅರ್ಧ ನಿಮಿಷ ಬರೀ ಡ್ರಮ್ಸು, ಬಾಸು, ಆಮೇಲೆ ಸಿಂಥ್. ಕಾಲೇಜಿನವರು ಹುಡುಗನಿಗೆ ನಾಲ್ಕೇ ನಿಮಿಷ ಕೊಟ್ಟಿದ್ದರು. ಆರಂಭ ಕತ್ತರಿಸೋಣ ಅಂತ ನಾನು, ಬೇಡ ಅಂತ ಅವನು. ಇದೇ ಜಗಳ ವೆಸ್ಟ್‌ಲೇಕ್‌ನಲ್ಲೂ ಆಗಿತ್ತು. ಇಷ್ಟು ಉದ್ದದ ಆರಂಭ ಮುಗಿಯುವಷ್ಟರಲ್ಲಿ ಗಡ್ಡ ಹೆರೆದುಕೊಳ್ಳಬಹುದು ಅಂತ ಕ್ವಿನ್ಸಿ ಗೇಲಿ ಮಾಡಿದ್ದರು. ಮೈಕಲ್ ಬಿಡಲಿಲ್ಲ. ನನಗೆ ಕುಣಿಯಬೇಕು ಅನ್ನಿಸುವುದೇ ಅಲ್ಲಿ ಅಂದ. ಮೈಕಲ್ ಜಾಕ್ಸನ್ನೇ ಇದರಿಂದ ಕುಣಿಯಬೇಕು ಅನ್ನಿಸುತ್ತದೆ ಅಂದ ಮೇಲೆ ನಾವು ಬಾಯಿ ಮುಚ್ಚಬೇಕಷ್ಟೆ ಅಂತ ಕ್ವಿನ್ಸಿ ಆಮೇಲೆ ನಗುತ್ತಾ ಹೇಳುತ್ತಿದ್ದರು. ಇಬ್ಬರ ನಡುವೆ ಸಲಿಗೆ ಇತ್ತು. ಕ್ವಿನ್ಸಿ ಅವನನ್ನು ‘ಸ್ಮೆಲಿ’ ಅಂತ ಕರೆಯುತ್ತಿದ್ದರು. ನಾವು ಕತ್ತರಿಸಿದ್ದು ಕೊನೆಯನ್ನು.

ಇನ್ನು ದನಿ. ಇದರಲ್ಲೇ ನಾನು ಅತಿ ಹೆಚ್ಚು ಕಲಿತದ್ದು.

ಮೈಕಲ್ ಹಾಡುವ ದಿನ ಸೀದಾ ಮೈಕಿನ ಮುಂದೆ ಬಂದು ನಿಲ್ಲುತ್ತಿರಲಿಲ್ಲ. ಸೆತ್ ರಿಗ್ಸ್ ಅಂತ ಗಾಯನದ ಮೇಷ್ಟ್ರು. ಅವರ ಜೊತೆ ಒಂದು ಗಂಟೆಗೂ ಹೆಚ್ಚು ಗಂಟಲಿನ ಸಾಧಕ. ಹೆಸರು ಬಂದ ಮೇಲೂ ಅದು ತಪ್ಪಲಿಲ್ಲ. ಸಾಹಿತ್ಯವನ್ನು ಹಿಂದಿನ ರಾತ್ರಿಯೇ ಬಾಯಿಪಾಠ ಮಾಡಿ ಬರುತ್ತಿದ್ದ, ಕೈಯಲ್ಲಿ ಹಾಳೆ ಇಟ್ಟುಕೊಂಡು ಹಾಡಿದ್ದನ್ನು ತಾವು ನೋಡಿಲ್ಲ ಅಂತ ಸ್ವಿಡೀನ್ ಹೇಳುತ್ತಿದ್ದರು. ದೀಪ ಆರಿಸಿ ಕತ್ತಲಲ್ಲಿ ಹಾಡುತ್ತಿದ್ದ. ಮತ್ತೆ ಕುಣಿಯುತ್ತಾ ಹಾಡುತ್ತಿದ್ದ. ನೆಲ ಬಡಿಯುತ್ತದೆ, ಚಿಟಿಕೆ ಕೇಳುತ್ತದೆ, ಬಟ್ಟೆ ಸದ್ದು ಮಾಡುತ್ತದೆ. ಬೇರೆ ಇಂಜಿನಿಯರ್ ಆಗಿದ್ದರೆ ಕೂಗಾಡುತ್ತಿದ್ದ. ಸ್ವಿಡೀನ್ ಅವನಿಗೆ ನಿಲ್ಲಲು ಮರದ ಹಲಗೆ ಹಾಕಿಕೊಟ್ಟು, ಆ ಸದ್ದುಗಳನ್ನೆಲ್ಲ ಹಾಡಿನೊಳಗೇ ಉಳಿಸಿಕೊಂಡರು.

ನಮ್ಮ ಹುಡುಗನಿಗೂ ಅದನ್ನೇ ಹೇಳಿದೆ. ಹಾಳೆ ಬೇಡ, ಮೊಬೈಲಂತೂ ಬೇಡವೇ ಬೇಡ. ಕಲಿತುಕೊಂಡು ಬಾ. ದೀಪ ಆರಿಸುವ ವಿಚಾರದಲ್ಲಿ ನಮಗೆ ಶ್ರಮ ಬೇಕಿರಲಿಲ್ಲ, ಎರಡನೇ ಟೇಕಿಗೆ ಕರೆಂಟೇ ಹೋಯಿತು. ಯುಪಿಎಸ್ ಮೇಲೆ ಕಂಪ್ಯೂಟರ್ ನಡೆಯುತ್ತಿತ್ತು, ಕೋಣೆ ಕಗ್ಗತ್ತಲು. "ನಿಲ್ಲಿಸಬೇಡ, ಹಾಡು" ಅಂದೆ. ಆ ಟೇಕಿನ ಎರಡನೇ ಚರಣವನ್ನೇ ಕೊನೆಗೆ ಇಟ್ಟುಕೊಂಡೆವು. ಯಾರೂ ನೋಡುತ್ತಿಲ್ಲ ಅಂತ ಗೊತ್ತಾದಾಗ ಮೈ ಸಡಿಲ ಆಗುತ್ತದೆ, ಬೇರೇನೂ ಪವಾಡವಿಲ್ಲ.

ಹಿಮ್ಮೇಳದ ದನಿಗಳಿಗೆ ಸ್ವಿಡೀನ್ ಮಾಡುತ್ತಿದ್ದ ಒಂದು ಉಪಾಯವಂತೂ ಚಿನ್ನ. ಮೈಕಲ್ ಮೊದಲು ಮೈಕಿನ ಹತ್ತಿರ ನಿಂತು ಒಂದು ಸಾಲು ಹಾಡುತ್ತಿದ್ದ. ಅದೇ ಸಾಲನ್ನು ಮತ್ತೊಮ್ಮೆ, ಅಚ್ಚೊತ್ತಿದ ಹಾಗೆ. ಆಮೇಲೆ ಕೆಲವು ಹೆಜ್ಜೆ ಹಿಂದೆ ಹೋಗಿ ಅದನ್ನೇ ಹಾಡುತ್ತಿದ್ದ. ದೂರ ಹೋದಾಗ ದನಿ ಚಿಕ್ಕದಾಗುತ್ತದಲ್ಲ, ಸ್ವಿಡೀನ್ ಮೈಕಿನ ಮಟ್ಟ ಏರಿಸಿ ಅದನ್ನು ಮೊದಲಿನಷ್ಟೇ ಜೋರು ಮಾಡುತ್ತಿದ್ದರು. ಹಾಗೆ ಏರಿಸಿದಾಗ ದನಿಯ ಜೊತೆ ಕೋಣೆಯೂ ಬರುತ್ತದೆ. ಗೋಡೆಗೆ ತಾಗಿ ತಿರುಗಿ ಬಂದ ಸದ್ದು. ಎಲ್ಲ ಸೇರಿಸಿ ಕೇಳಿದರೆ ಆಳ ಸಿಗುತ್ತದೆ. ನಾವು ಈಗ ಇದನ್ನು ಕಂಪ್ಯೂಟರಿನ ರಿವರ್ಬ್ ಗುಂಡಿ ಒತ್ತಿ ತರುತ್ತೇವೆ. ನಾನು ಹುಡುಗನನ್ನು ಹಿಂದೆ ಹಿಂದೆ ಕಳಿಸಿ ಮಾಡಿ ನೋಡಿದೆ. ನನ್ನ ಕೋಣೆಯಲ್ಲಿ ನಾಲ್ಕು ಹೆಜ್ಜೆಗೆ ಬೀರು ಅಡ್ಡ ಬರುತ್ತದೆ. ಅಷ್ಟರಲ್ಲೇ ವ್ಯತ್ಯಾಸ ಗೊತ್ತಾಯಿತು. ಈಗ ದೇವರ ಹಾಡಿನ ಕೋರಸ್ಸಿಗೂ ಹೀಗೇ ಮಾಡುತ್ತಿದ್ದೇನೆ. ಹಾಡುವ ಹೆಂಗಸರು "ಏನ್ಸಾರ್, ಬಾಗಿಲ ಹತ್ತಿರ ನಿಲ್ಲಿಸ್ತೀರ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

ಆಮೇಲೆ ಕೊಳವೆ. ‘ಬಿಲ್ಲಿ ಜೀನ್’ನ ಕೆಲವು ದನಿಗಳನ್ನು ಮೈಕಲ್ ಆರಡಿ ಉದ್ದದ ರಟ್ಟಿನ ಕೊಳವೆಯೊಳಗಿಂದ ಹಾಡಿದ್ದ. ಆ ಕಡೆ ತುದಿಯಲ್ಲಿ ಮೈಕು. ಅಂಥ ಕೊಳವೆ ನಮಗೆ ಎಲ್ಲಿ ಸಿಗಬೇಕು? ಸಯ್ಯಾಜಿರಾವ್ ರಸ್ತೆಯ ಬಟ್ಟೆ ಅಂಗಡಿಯಲ್ಲಿ ಸಿಕ್ಕಿತು. ಪರದೆ ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆ. ಅಂಗಡಿಯವರು ಬಿಟ್ಟಿಯಾಗಿ ಕೊಟ್ಟು, ಯಾಕೆ ಅಂತ ಕೇಳಿದರು. ಹಾಡೋಕೆ ಅಂದೆ. ಮುಂದೆ ಏನೂ ಕೇಳಲಿಲ್ಲ. ಅದರೊಳಗೆ ಹಾಡಿದ ದನಿ ಮೂಗು ಕಟ್ಟಿದ ಹಾಗೆ, ಟೊಳ್ಳಾಗಿ ಬಂತು. ಇಡೀ ಹಾಡಿಗೆ ಅದು ಬೇಡ. ಹಿಂದೆ ಎಲ್ಲೋ ಒಂದು ಸಾಲಿಗೆ ಹಾಕಿದಾಗ, ಯಾರೋ ಪಕ್ಕದ ಮನೆಯಿಂದ ಉತ್ತರ ಕೊಟ್ಟ ಹಾಗೆ ಕೇಳಿಸಿತು. ಸಂಶಯ, ಗಾಳಿಮಾತು ತುಂಬಿದ ಕಥೆ ಇರುವ ಹಾಡಿಗೆ ಅದು ಸರಿಯಾಗಿಯೇ ಇತ್ತು.

ಕೆಲಸದ ನಡುವೆ ಚಹಾಕ್ಕೆ ಕೂತಾಗ ಮೈಕಲ್‌ನ ಉಳಿದ ಹಾಡುಗಳ ಕಥೆಯೂ ಬರುತ್ತಿತ್ತು. ನನಗೆ ಎಲ್ಲರಿಗಿಂತ ಇಷ್ಟವಾದವರು ರಾಡ್ ಟೆಂಪರ್ಟನ್. ಇಂಗ್ಲೆಂಡಿನ ಕ್ಲೀಥೋರ್ಪ್ಸ್ ಎಂಬ ಕಡಲೂರಿನವರು. ಗ್ರಿಮ್ಸ್‌ಬಿಯಲ್ಲಿ ಮೀನು ಹೆಪ್ಪುಗಟ್ಟಿಸುವ ಕಾರ್ಖಾನೆಯಲ್ಲಿ ದುಡಿದವರು. ಆಮೇಲೆ ಹೀಟ್‌ವೇವ್ ತಂಡದ ಕೀಬೋರ್ಡ್‌ನವರು. ‘ರಾಕ್ ವಿತ್ ಯು’, ‘ಆಫ್ ದ ವಾಲ್’, ‘ಥ್ರಿಲ್ಲರ್’ ಬರೆದದ್ದು ಇವರು. ‘ಥ್ರಿಲ್ಲರ್’ ಹಾಡಿಗೆ ಮೊದಲು ‘ಸ್ಟಾರ್‌ಲೈಟ್’ ಅಂತ ಹೆಸರಿತ್ತು, ಅದನ್ನು ಕಿತ್ತು ಹಾಕಿದವರೂ ಇವರೇ. ಕೊನೆಯಲ್ಲಿ ಭಯಾನಕ ಸಿನಿಮಾಗಳ ನಟ ವಿನ್ಸೆಂಟ್ ಪ್ರೈಸ್ ದೆವ್ವದ ದನಿಯಲ್ಲಿ ಹೇಳುವ ಸಾಲುಗಳನ್ನು ಟೆಂಪರ್ಟನ್ ಬರೆದದ್ದು ಸ್ಟುಡಿಯೊಗೆ ಬರುವ ಟ್ಯಾಕ್ಸಿಯಲ್ಲಿ. ಫೋಟೋಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಮುಖ ತೋರಿಸುವ ಆಸೆಯೇ ಇರಲಿಲ್ಲ ಆ ಮನುಷ್ಯನಿಗೆ.

‘ಹ್ಯೂಮನ್ ನೇಚರ್’ ಬಂದದ್ದು ಅದೃಷ್ಟದಿಂದ. ಟೋಟೊ ತಂಡದ ಡೇವಿಡ್ ಪೇಚ್ ತಮ್ಮ ಹಾಡುಗಳ ಕ್ಯಾಸೆಟ್ ಕಳಿಸಿದ್ದರು. ಅದರ ಕೊನೆಯಲ್ಲಿ ಸ್ಟೀವ್ ಪೋರ್ಕಾರೊ ಮಾಡಿಟ್ಟಿದ್ದ ಅರೆಬರೆ ಹಾಡೊಂದು ಉಳಿದುಕೊಂಡಿತ್ತು. ಕ್ಯಾಸೆಟ್ ಓಡುತ್ತಲೇ ಇತ್ತು, ಕ್ವಿನ್ಸಿ ಕಿವಿಗೆ ಬಿತ್ತು. ‘ಬೀಟ್ ಇಟ್’ ಗಿಟಾರಿನ ಕಥೆ ಎಲ್ಲರಿಗೂ ಗೊತ್ತು. ಕ್ವಿನ್ಸಿ ಫೋನ್ ಮಾಡಿದಾಗ ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡ ರಾಕ್ ಗಿಟಾರ್‌ವಾದಕ ಎಡ್ಡಿ ವ್ಯಾನ್ ಹೇಲನ್, ಆಮೇಲೆ ಬಂದು ಒಂದು ಕಾಸೂ ತೆಗೆದುಕೊಳ್ಳದೆ ನುಡಿಸಿ ಹೋದರು. ಹೋಗುವಾಗ ಹಾಡಿನ ಜೋಡಣೆಯನ್ನೇ ಬದಲಾಯಿಸಿದ್ದರು. ಟೇಪು ಕತ್ತರಿಸಿದ್ದರಿಂದ ಎಲ್ಲ ಅಸ್ತವ್ಯಸ್ತ. ಟೋಟೊ ತಂಡದವರೇ ಆದ ಸ್ಟೀವ್ ಲೂಕಥರ್, ಜೆಫ್ ಪೋರ್ಕಾರೊ ಕೂತು ಉಳಿದ ವಾದ್ಯಗಳನ್ನು ಮತ್ತೆ ಹೊಂದಿಸಿ ನುಡಿಸಬೇಕಾಯಿತು. ಹೆಸರು ಎಡ್ಡಿಯದು, ಬೆವರು ಇವರದು. ಇಂಥ ಕೆಲಸ ಎಷ್ಟೋ ಸಲ ನಾನೂ ಮಾಡಿರುವುದರಿಂದ ಲೂಕಥರ್ ಮೇಲೆ ನನಗೆ ವಿಶೇಷ ಪ್ರೀತಿ.

ಎಲ್ಲ ಮುಗಿಸಿ ಎಲ್‌ಪಿ ಪ್ಲೇಟಿಗೆ ಹಾಕಿ ಕೇಳಿದರೆ ಥ್ರಿಲ್ಲರ್ ಕೆಟ್ಟದಾಗಿ ಕೇಳಿಸಿತು. ಒಂದೊಂದು ಬದಿಯಲ್ಲಿ ತುಂಬಾ ಹೊತ್ತಿನ ಸಂಗೀತ ತುಂಬಿದ್ದರು. ಎಲ್‌ಪಿಯಲ್ಲಿ ಹೊತ್ತು ಜಾಸ್ತಿಯಾದಷ್ಟೂ ಗೆರೆಗಳು ಇಕ್ಕಟ್ಟಾಗಬೇಕು, ಗೆರೆ ಇಕ್ಕಟ್ಟಾದರೆ ಸದ್ದು ಸೊರಗುತ್ತದೆ, ಮೊದಲು ಸಾಯುವುದೇ ಬಾಸ್. ಸ್ವಿಡೀನ್ ಮೊದಲೇ ಎಚ್ಚರಿಸಿದ್ದರು. ಮೈಕಲ್ ಅತ್ತುಬಿಟ್ಟ. ಕಂಪನಿ ಅವಸರ ಮಾಡುತ್ತಿದ್ದರೂ ಬಿಡುಗಡೆ ತಡೆದು, ಹಾಡುಗಳನ್ನು ಮೊಟಕು ಮಾಡಿ, ದಿನಕ್ಕೊಂದರಂತೆ ಮತ್ತೆ ಮಿಕ್ಸ್ ಮಾಡಿದರು, ಅಂದರೆ ವಾದ್ಯ, ದನಿಗಳ ಮಟ್ಟ ಹೊಂದಿಸಿ ಸೇರಿಸಿದರು. 1982ರ ನವೆಂಬರ್ ಕೊನೆಗೆ ಆಲ್ಬಮ್ ಅಂಗಡಿಗೆ ಬಂತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಟ್ಟು 37 ವಾರ ಮೊದಲ ಸ್ಥಾನದಲ್ಲಿತ್ತು.

ಒಂದು ಸಂಜೆ ನನ್ನ ಮಗಳು ಚಹಾ ತಂದಿಟ್ಟು, "ಅಪ್ಪಾ, ಇವರ ಮೇಲೆ ಮಕ್ಕಳ ಕೇಸ್ ಇತ್ತಲ್ವಾ?" ಅಂತ ಕೇಳಿದಳು. ಇತ್ತು. 2005ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ಜ್ಯೂರಿ ಎಲ್ಲ ಆರೋಪಗಳಿಂದ ಬಿಡುಗಡೆ ಮಾಡಿತು. ಅವನು ಸತ್ತ ಮೇಲೆ, 2019ರಲ್ಲಿ, ಇಬ್ಬರು ತಮ್ಮ ಬಾಲ್ಯದಲ್ಲಿ ಆದದ್ದು ಅಂತ ಹೇಳಿಕೊಂಡ ಮಾತುಗಳು ಸಾಕ್ಷ್ಯಚಿತ್ರವಾಗಿ ಬಂದವು. ಮೈಕಲ್‌ನ ಆಸ್ತಿ ನೋಡಿಕೊಳ್ಳುವವರು ಅಲ್ಲಗಳೆದರು. ಸ್ವಿಡೀನ್ ಮೈಕಲ್‌ನಷ್ಟು ಸೌಜನ್ಯದವನನ್ನು ನೋಡಿಲ್ಲ ಅನ್ನುತ್ತಿದ್ದರು. ಅದು ಸುಳ್ಳಿರಲಾರದು. ಆದರೆ ಅದು ಸ್ಟುಡಿಯೊ ಕೋಣೆಯ ಸಾಕ್ಷಿ. ಇಂಜಿನಿಯರಿಗೆ ಗಾಜಿನ ಆಚೆ ನಿಂತವನು ಗೊತ್ತು, ಮನೆಗೆ ಹೋದವನು ಗೊತ್ತಿಲ್ಲ. ಮೂವತ್ತು ವರ್ಷ ಜೊತೆಗೆ ನುಡಿಸಿದ ನನ್ನ ಡ್ರಮ್ಮರ್ ಬಗ್ಗೆಯೂ ನಾನು ಅಷ್ಟೇ ಹೇಳಬಲ್ಲೆ. ಮಗಳಿಗೆ ಇದನ್ನೇ ಹೇಳಿದೆ. ಅವಳಿಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ, ಆಗಬೇಕು ಅಂತಲೂ ಇಲ್ಲ.

ಜೊತೆಗಾರರ ನೆನಪು ಅಂದರೆ ಬರೀ ಹೊಗಳಿಕೆ ಅಂತ ನಾನೂ ಅಂದುಕೊಂಡಿದ್ದೆ. ಮೈಕಲ್ ಸತ್ತ ಮೇಲೆ ಅವನ ವೈದ್ಯನ ಮೇಲೆ ನಡೆದ ಕೇಸಿನಲ್ಲಿ ಕೆನ್ನಿ ಒರ್ಟೇಗಾ ಕೋರ್ಟಿನಲ್ಲಿ ಹೇಳಿದ್ದನ್ನು ಓದಿದ ಮೇಲೆ ಹಾಗನ್ನಿಸುವುದಿಲ್ಲ. 2009ರಲ್ಲಿ ಲಂಡನ್ನಿನ 50 ಕಾರ್ಯಕ್ರಮಗಳಿಗೆ ತಾಲೀಮು ನಡೆಯುತ್ತಿತ್ತು, ಒರ್ಟೇಗಾ ನಿರ್ದೇಶಕರು. ಜೂನ್ 19ರಂದು ಮೈಕಲ್ ಬಂದಾಗ ಮೈಯೆಲ್ಲ ತಣ್ಣಗಿತ್ತು, ನಡುಗುತ್ತಿದ್ದ. ಹೊದಿಕೆ ಹೊದಿಸಿ, ಕಾಲು ತಿಕ್ಕಿ, ತುತ್ತು ಮಾಡಿ ತಿನ್ನಿಸಿದೆ ಅಂತ ಅವರು ಸಾಕ್ಷಿ ನುಡಿದರು. ಆ ರಾತ್ರಿ ಸಂಘಟಕರಿಗೆ ಆತಂಕದಿಂದ ಇಮೇಲ್ ಬರೆದಿದ್ದರು. ಜೂನ್ 25ಕ್ಕೆ ಮೈಕಲ್ ಹೋದ. ನಿದ್ದೆಗೆ ಅಂತ ಪ್ರೊಪೊಫಾಲ್ ಎಂಬ ಅರಿವಳಿಕೆ ಮದ್ದು ಕೊಟ್ಟಿದ್ದ ಆ ವೈದ್ಯನಿಗೆ 2011ರಲ್ಲಿ ಶಿಕ್ಷೆಯಾಯಿತು. ಇದನ್ನು ಓದಿ ಹೇಳಿದಾಗ ಡ್ರಮ್ಮರ್ ಕೇಳಿದ್ದು ಒಂದೇ ಮಾತು: "ಅಷ್ಟು ಜನ ಸುತ್ತ ಇದ್ದು, ಒಬ್ಬರಿಗೂ ಕಾರ್ಯಕ್ರಮ ನಿಲ್ಲಿಸಿ ಅನ್ನೋಕೆ ಆಗಲಿಲ್ವಾ?"

ಕೊನೆಗೆ ಮಿಕ್ಸಿಂಗ್. ಸ್ವಿಡೀನ್ ‘ಬಿಲ್ಲಿ ಜೀನ್’ಗೆ 91 ಮಿಕ್ಸ್ ಮಾಡಿದ್ದರು. ಒಂದು ಚೂರು ಇಲ್ಲಿ ಏರಿಸಿ, ಅಲ್ಲಿ ಇಳಿಸಿ, ಟೇಪಿನ ರಾಶಿ. ಎಲ್ಲ ಆದ ಮೇಲೆ ಕ್ವಿನ್ಸಿ, ಸುಮ್ನೆ ಎರಡನೆಯದು ಹಾಕಿ ಅಂದರು. ಕೇಳಿದರೆ ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಈಗ ನಾವು ಕೇಳುತ್ತಿರುವುದು ಆ ಎರಡನೇ ಮಿಕ್ಸ್. ಈ ಕಥೆ ಹೇಳದ ರೆಕಾರ್ಡಿಂಗ್ ಇಂಜಿನಿಯರ್ ಇಲ್ಲ. ನಾನೂ ಆಸೆಯಿಂದ ನಮ್ಮ ಎರಡನೇ ಮಿಕ್ಸ್ ತೆಗೆದು ಕೇಳಿದೆ. ದರಿದ್ರವಾಗಿತ್ತು. ಕಿಕ್ ಎಲ್ಲೋ, ಬಾಸ್ ಎಲ್ಲೋ. ಅದರಲ್ಲಿ ಆಶ್ಚರ್ಯವೇನಿಲ್ಲ. ಸ್ವಿಡೀನ್‌ರ ಎರಡನೇ ಮಿಕ್ಸಿನ ಹಿಂದೆ ಎಲಿಂಗ್ಟನ್ ಕಾಲದಿಂದ ಪಳಗಿದ ಕಿವಿ ಇತ್ತು. ನಮಗೆ ಸರಿಹೋದದ್ದು ಕಟ್ಟಕಡೆಯ ಮಿಕ್ಸ್, ಅದೂ ಹುಡುಗ ಹೊರಗೆ ಬೈಕ್ ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದಾಗ.

ಕಾಲೇಜಿನಲ್ಲಿ ಡಿಜೆಯವರ ದೊಡ್ಡ ಸ್ಪೀಕರುಗಳು. ಕೊಳವೆಯೊಳಗಿನ ದನಿ, ಹಿಂದೆ ಹೆಜ್ಜೆಯಿಟ್ಟು ಹಾಡಿಸಿದ ಹಿಮ್ಮೇಳ ಯಾವುದೂ ಕೇಳಲಿಲ್ಲ. ಕೇಳಿದ್ದು ಡ್ರಮ್ಸು, ಬಾಸು. ಆದರೆ ಆ ಅರ್ಧ ನಿಮಿಷದ ಆರಂಭ ಶುರುವಾಗಿ ಎರಡು ಸುತ್ತು ಮುಗಿಯುವ ಮೊದಲೇ ಹಿಂದಿನ ಸಾಲಿನವರು ಎದ್ದು ನಿಂತಿದ್ದರು. ನಮ್ಮ ಡ್ರಮ್ಮರ್ ಪಕ್ಕದಲ್ಲಿದ್ದವರಿಗೆಲ್ಲ "ಅದು ನಂದು, ಅದು ನಂದು" ಅಂತ ಹೇಳಿಕೊಂಡು ತಿರುಗಿದ. ಹುಡುಗ ಹಾಡಿದ್ದು ಪರವಾಗಿಲ್ಲ, ಕುಣಿದದ್ದು ಬೇಡವಾಗಿತ್ತು.

ಮುಂದಿನದು ಯಾವುದು ಅಂತ ಈಗ ಚರ್ಚೆ. ಹುಡುಗನಿಗೆ ‘ಹ್ಯೂಮನ್ ನೇಚರ್’ ಆಗಬೇಕು. ನನ್ನ ಕೀಬೋರ್ಡಿನಲ್ಲಿ ಪೋರ್ಕಾರೊ ಸಿಂಥ್ ಬಣ್ಣ ಬರುತ್ತದೋ ಇಲ್ಲವೋ ನೋಡಬೇಕು. ಡ್ರಮ್ಮರ್ ಮಾತ್ರ ‘ಬೀಟ್ ಇಟ್’ ಅಂತ ಹಟ ಹಿಡಿದಿದ್ದಾನೆ, ಅದಕ್ಕೆ ಎಡ್ಡಿಯನ್ನು ಎಲ್ಲಿಂದ ತರುವುದು ಅಂತ ಯಾರೂ ಹೇಳುತ್ತಿಲ್ಲ.